ಹೆಬ್ಬಾಗಿಲಿನ ಜಮಾಖರ್ಚು

ಆಚಾರ್ರು ಚೀಲದಿಂದ ಒಂದು ಸಾಧಾರಣ ಸ್ಕ್ರೂಡ್ರೈವರ್ ತೆಗೆದು, ಬಾಗಿಲವಾಡದ ಎಡಗಂಬ ಹೊಸ್ತಿಲಿಗೆ ಕೂಡುವ ಜಾಗದಲ್ಲಿಟ್ಟು, ಸುತ್ತಿಗೆಯನ್ನು ಮುಟ್ಟದೆ ಅಂಗೈಯಿಂದಲೇ ಮೆಲ್ಲಗೆ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ತುದಿಗೆ ಅಂಟಿಕೊಂಡು ಬಂದದ್ದು ಮರವಲ್ಲ, ಕಾಫಿಪುಡಿಯ ಬಣ್ಣದ ಒದ್ದೆ ಹುಡಿ. "ಬಣ್ಣ ನಿಂತಿದೆ ಸಾರ್, ಮರ ಹೋಗಿ ಎಷ್ಟು ಕಾಲ ಆಯ್ತೋ" ಎನ್ನುತ್ತ ಅವರು ಆ ಹುಡಿಯನ್ನು ನನ್ನ ಅಂಗೈಗೆ ಉದುರಿಸಿದರು. ನಾನು 33 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಮೇಲಿನಿಂದ ಸರಿಯಾಗಿ ಕಾಣುತ್ತ ಒಳಗೆ ಟೊಳ್ಳಾಗಿದ್ದ ಖಾತೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಾಗಿಲೊಂದರಲ್ಲಿ ಅದನ್ನು ಕಂಡದ್ದು ಅದೇ ಮೊದಲು.

ಮಲೆನಾಡಿನ ನಮ್ಮ ಊರಿನಲ್ಲಿ ಒಂದು ಚೌಕಿಮನೆಯಿದೆ. ಅದರ ವಾರಸುದಾರರೆಲ್ಲ ಬೆಂಗಳೂರು, ಪುಣೆ ಮತ್ತು ಇನ್ನೂ ದೂರದ ಊರುಗಳಲ್ಲಿ ನೆಲೆಸಿದ ಮೇಲೆ, ಮಾರುವುದಕ್ಕೆ ಮನಸ್ಸಿಲ್ಲದೆ, ಹಾಗೆಯೇ ಬಿಟ್ಟರೆ ಬಿದ್ದುಹೋದೀತೆಂದು ಹೆದರಿ, ಒಂದು ಟ್ರಸ್ಟ್ ಮಾಡಿ ಊರಿಗೆ ಒಪ್ಪಿಸಿದರು. ಕೊಳಗ, ಒನಕೆ, ಮರದ ಮರಿಗೆಗಳು, ದೀಪದ ಕಂಬಗಳು, ಹೆಗಲ ಮೇಲೆ ಹೊರುತ್ತಿದ್ದ ನೇಗಿಲು, ಮೂರು ಪೆಟ್ಟಿಗೆ ತುಂಬ ಹಳೆಯ ಕಡತಗಳು, ಇವಿಷ್ಟನ್ನು ಕೋಣೆಗಳಲ್ಲಿ ಜೋಡಿಸಿ ನಾವು ಅದನ್ನು ವಸ್ತುಸಂಗ್ರಹಾಲಯ ಎಂದು ಕರೆಯುತ್ತೇವೆ. ಶಾಲೆಯ ಮಕ್ಕಳು ಬರುತ್ತಾರೆ, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಬರುತ್ತವೆ, ಮಳೆಗಾಲದಲ್ಲಿ ಯಾರೂ ಬರುವುದಿಲ್ಲ. ಬ್ಯಾಂಕಿನವನೆಂಬ ಒಂದೇ ಅರ್ಹತೆಯಿಂದ ನಾನು ಅದರ ಖಜಾಂಚಿ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮುಂದೆ ಹೇಳುವ ಕೆಲವರು ಊರಿನಲ್ಲೇ ಇದ್ದಾರೆ ಮತ್ತು ನಾನು ಅವರೊಂದಿಗೆ ಇನ್ನೂ ಬಹಳ ಕಾಲ ಮದುವೆಮನೆಗಳಲ್ಲಿ ಪಂಕ್ತಿಯಲ್ಲಿ ಕೂರಬೇಕಾಗಿದೆ.

ಆ ಮನೆಯ ಬಾಗಿಲು ಹೆಸರಿಗಷ್ಟೇ ಹೆಬ್ಬಾಗಿಲು. ಐದೂವರೆ ಅಡಿ ಎತ್ತರದವರು ತಲೆ ತಗ್ಗಿಸದೆ ಒಳಗೆ ಹೋಗಲಾರರು. ಹಲಸಿನ ಮರದ ಬಾಗಿಲವಾಡ, ದಪ್ಪ ಹಲಗೆಯ ಎರಡು ಕದಗಳು, ಒಳಗಡೆ ಗೋಡೆಯ ಪೊಳ್ಳಿನಿಂದ ಎಳೆದು ಅಡ್ಡಹಾಕುವ ಮರದ ಅಗುಳಿ, ಮೇಲ್ಪಟ್ಟಿಯ ನಡುವೆ ಮೂಗು ಸವೆದ ಗಜಲಕ್ಷ್ಮಿ. ಹೊಸ್ತಿಲಿನ ನಡುಭಾಗ ಕಾಲು ತಾಗಿ ತಾಗಿ ತಟ್ಟೆಯಂತೆ ತಗ್ಗಾಗಿದೆ. ಇದು ಕೆಟ್ಟದ್ದು ವಯಸ್ಸಿನಿಂದಲ್ಲ. ಎಂದೋ ಒಮ್ಮೆ, ಒಳ್ಳೆಯ ಉದ್ದೇಶದಿಂದಲೇ ಇರಬೇಕು, ಯಾರೋ ಜಗಲಿಯ ಮಣ್ಣುನೆಲವನ್ನು ಕಿತ್ತು ಸಿಮೆಂಟು ಹಾಕಿದ್ದಾರೆ. ನೆಲ ಎರಡಂಗುಲ ಮೇಲೆದ್ದು ಹೊಸ್ತಿಲಿನ ಬುಡ ಸಿಮೆಂಟಿನಲ್ಲಿ ಹೂತುಹೋಯಿತು. ಮೊದಲು ಮಣ್ಣಿನ ಮೂಲಕ ಆವಿಯಾಗಿ ಹೋಗುತ್ತಿದ್ದ ನೆಲದ ತೇವ ಹೊರಬರಲು ಬೇರೆ ದಾರಿ ಕಾಣದೆ ಮರವನ್ನು ಹಿಡಿಯಿತು. ಮೇಲೆ ಮಾಡಿನ ಅಂಚಿನಲ್ಲಿ ಎರಡು ಹೆಂಚು ಜಾರಿ, ಪಕಾಸಿನ ಗುಂಟ ಇಳಿದ ನೀರು ಮೇಲ್ಪಟ್ಟಿಯ ಹಿಂದೆ ಗೋಡೆಯನ್ನು ಸೇರುತ್ತಿತ್ತು. ಗೆದ್ದಲು ಬಂದದ್ದು ಕೊನೆಗೆ, ಎಲ್ಲ ಸಿದ್ಧವಾದ ಮೇಲೆ. ಆಪಾದನೆ ಮಾತ್ರ ಪೂರ್ತಿಯಾಗಿ ಅದರ ತಲೆಗೇ ಬಂತು.

ಆದ್ದರಿಂದ ಅಂದಾಜುಪಟ್ಟಿ ಮಾಡಿಸಿದಾಗ ಒಟ್ಟು ಮೊತ್ತ 11 ಲಕ್ಷ ರೂಪಾಯಿಗಳ ಹತ್ತಿರ ಬಂತು, ಮತ್ತು ಅದರಲ್ಲಿ ಬಾಗಿಲಿನ ಪಾಲು ಕಾಲು ಭಾಗಕ್ಕಿಂತ ಕಡಿಮೆಯಿತ್ತು. ಉಳಿದದ್ದು ಮುಂಭಾಗದ ಮಾಡಿನ ಹೆಂಚು, ರೀಪು ಮತ್ತು ಪಕಾಸುಗಳಿಗೆ, ಜಗಲಿಯ ಸಿಮೆಂಟು ಕಿತ್ತು ನೆಲ ಇಳಿಸುವುದಕ್ಕೆ, ಗೋಡೆಗೆ ಸುಣ್ಣದ ಗಾರೆಗೆ ಮತ್ತು ಅಂಗಳದ ನೀರು ಮನೆಯ ಕಡೆ ಬಾರದಂತೆ ಒಂದು ಚರಂಡಿಗೆ. ನಾನು ಆ ಪಟ್ಟಿಯನ್ನು ಹಾಗೆಯೇ ಬೆರಳಚ್ಚು ಮಾಡಿಸಿ ಹಂಚಲು ಹೊರಟಾಗ ಟ್ರಸ್ಟಿನ ಹಿರಿಯರೊಬ್ಬರು ನಕ್ಕು, "ಚರಂಡಿಗೆ ಯಾರಾದರೂ ದೇಣಿಗೆ ಕೊಟ್ಟದ್ದು ಕೇಳಿದ್ದೀರಾ ಮಾರಾಯ್ರೆ? ಹೆಬ್ಬಾಗಿಲು ಅಂತ ಮಾತ್ರ ಬರೆಯಿರಿ" ಎಂದರು. ಹಾಗೆಯೇ ಬರೆದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಈ ಬರಹಕ್ಕೆ ಕೂತಿರುವುದರಲ್ಲಿ ಆ ಒಂದು ಪದದ ಬಗೆಗಿನ ಅಳುಕಿನ ಪಾಲೂ ಇದೆ.

ಬಾಗಿಲು ಎಂದ ಕೂಡಲೇ ಹಣ ಬರುತ್ತದೆ ಎನ್ನುವುದು ಮೊದಲ ವಾರದಲ್ಲೇ ಗೊತ್ತಾಯಿತು. ಊರಿನಿಂದ ಹೋಗಿ ನಗರದಲ್ಲಿ ಹೋಟೆಲು ನಡೆಸಿ ಚೆನ್ನಾಗಿ ಬೆಳೆದ ಒಬ್ಬರು ಫೋನ್ ಮಾಡಿ, ಪೂರ್ತಿ ಖರ್ಚನ್ನು ತಾವೊಬ್ಬರೇ ಕೊಡುವುದಾಗಿ ಹೇಳಿದರು. ಒಂದೇ ಮಾತು: ಈ ಕುಳ್ಳ ಬಾಗಿಲನ್ನು ಒಳಗೆಲ್ಲಾದರೂ ಪ್ರದರ್ಶನಕ್ಕಿಟ್ಟು, ಅದರ ಜಾಗದಲ್ಲಿ ಬೀಟೆ ಮರದ ಎಂಟಡಿಯ ಬಾಗಿಲು, ರಸ್ತೆಯ ಬದಿಗೆ ಗ್ರಾನೈಟಿನ ಮಹಾದ್ವಾರ, ಅದರ ಮೇಲೆ ತಂದೆತಾಯಿಯರ ಹೆಸರು. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ. ನಮ್ಮಲ್ಲಿ ಯಾವ ಊರಿಗೆ ಬಸ್ಸಿನಲ್ಲಿ ಹೋದರೂ ಮೊದಲು ಎದುರಾಗುವುದು ದಾನಿಗಳ ಹೆಸರು ಕೆತ್ತಿದ ಸ್ವಾಗತ ಕಮಾನು; ಊರಿಗೆ ಋಣ ತೀರಿಸುವ ಬಗೆ ಅದೆಂದು ಮೂರು ತಲೆಮಾರು ಕಲಿತಿದೆ. 'ಜೀರ್ಣೋದ್ಧಾರ' ಎಂಬ ಮಾತಿಗೆ ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಎಂದು ಅರ್ಥವಿದ್ದರೂ, ದೇವಸ್ಥಾನಗಳ ವಿಷಯದಲ್ಲಿ ನಾವು ಅದನ್ನು ಬಹುಮಟ್ಟಿಗೆ ಕೆಡವಿ ಹೊಸದು ಕಟ್ಟುವುದಕ್ಕೇ ಬಳಸಿಕೊಂಡು ಬಂದಿದ್ದೇವೆ. ಟ್ರಸ್ಟಿನ ಸಭೆಯಲ್ಲಿ ಏಳು ಜನರಲ್ಲಿ ನಾಲ್ವರು ಒಪ್ಪುವ ಮನಸ್ಸಿನಲ್ಲಿದ್ದರು. ನಾನೂ ಆ ನಾಲ್ವರಲ್ಲಿ ಒಬ್ಬನಾಗಿದ್ದೆ ಎಂಬುದನ್ನು ಮರೆಮಾಚುವುದಿಲ್ಲ. ಖಜಾಂಚಿಗೆ ಒಂದೇ ಚೆಕ್ಕಿನಲ್ಲಿ ಮುಗಿಯುವ ಕೆಲಸದಷ್ಟು ಹಿತವಾದದ್ದು ಬೇರೆ ಯಾವುದಿದೆ?

ನಿರ್ಧಾರ ಮುಂದಕ್ಕೆ ಹೋಯಿತು, ಏಕೆಂದರೆ ನಾನು ಮಗಳ ಮನೆಗೆಂದು ಅಮೆರಿಕದ ವರ್ಜೀನಿಯಾಕ್ಕೆ ಹೊರಟಿದ್ದೆ. ಅಲ್ಲಿಗೆ ಹೋದ ತಂದೆತಾಯಿಯರನ್ನೆಲ್ಲ ಕರೆದುಕೊಂಡು ಹೋಗುವ ಹಾಗೆ ನನ್ನನ್ನೂ ಮೌಂಟ್ ವರ್ನನ್‌ಗೆ ಕರೆದುಕೊಂಡು ಹೋದರು. ಅದು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಾಳಿ, 1799ರ ಡಿಸೆಂಬರ್ 14ರಂದು ತೀರಿಕೊಂಡ ಮನೆ. ಪೊಟೋಮ್ಯಾಕ್ ನದಿಯ ಕಡೆಗೆ ಮುಖ ಮಾಡಿದ, ಎಂಟು ಎತ್ತರದ ಚೌಕಕಂಬಗಳ ಮೇಲೆ ನಿಂತ ಅದರ ಜಗಲಿಯಲ್ಲಿ (ಅವರು ಪಿಯಾಜಾ ಎನ್ನುತ್ತಾರೆ, ನನಗೆ ಅದು ಜಗಲಿಯೇ) ಕುರ್ಚಿಗಳನ್ನಿಟ್ಟಿದ್ದಾರೆ. ಯಾರು ಬೇಕಾದರೂ ಕೂತು ನದಿ ನೋಡಬಹುದು. ನಾನು ಕೂತೆ. ನದಿ ನೋಡುವುದಕ್ಕಿಂತ ಹೆಚ್ಚಾಗಿ ಕಂಬಗಳನ್ನು ನೋಡಿದೆ, ಏಕೆಂದರೆ ಅದಕ್ಕೆ ಸ್ವಲ್ಪ ಮೊದಲು 1850ರ ದಶಕದ ಒಂದು ಫೋಟೋ ನೋಡಿದ್ದೆ: ಕಂಬಗಳು ಕೊಳೆತುಹೋಗಿ, ಕುಸಿಯಲಿದ್ದ ಮಾಡಿಗೆ ಹಳೆಯ ಹಡಗಿನ ಕೂವೆಮರಗಳನ್ನು ಊರೆ ಕೊಟ್ಟು ನಿಲ್ಲಿಸಿದ್ದರು. ರಾಷ್ಟ್ರಪಿತನೆನಿಸಿಕೊಂಡವನ ಮನೆಯ ಮುಂಭಾಗ!

ಆಗ ಆ ಮನೆ ವಾಷಿಂಗ್ಟನ್ನನ ತಮ್ಮನ ವಂಶದ ಜಾನ್ ಆಗಸ್ಟಿನ್ ವಾಷಿಂಗ್ಟನ್ ಎಂಬವನ ಕೈಯಲ್ಲಿತ್ತು. ಜಮೀನಿನ ಹುಟ್ಟುವಳಿ ಮನೆಯ ಖರ್ಚಿಗೆ ಸಾಲದು, ನೋಡಲು ಬರುವ ಜನರ ಕಾಟ ಬೇರೆ. ಆತ ಕೇಂದ್ರ ಸರ್ಕಾರವನ್ನೂ ವರ್ಜೀನಿಯಾ ರಾಜ್ಯವನ್ನೂ ಕೊಳ್ಳುವಂತೆ ಕೇಳಿದ, ಯಾರೂ ಕೊಳ್ಳಲಿಲ್ಲ. 1853ರಲ್ಲಿ ಲೂಯಿಸಾ ಕನ್ನಿಂಗ್‌ಹ್ಯಾಮ್ ಎಂಬ ಹೆಂಗಸು ರಾತ್ರಿಯ ಸ್ಟೀಮರಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದಾಗ, ಆ ಮನೆಯೆದುರು ಹಾದುಹೋಗುವ ಹಡಗುಗಳು ಗೌರವಕ್ಕೆಂದು ಗಂಟೆ ಬಾರಿಸುವ ಪದ್ಧತಿಯಂತೆ ಗಂಟೆ ಬಾರಿಸಿತು; ಆಕೆ ಎದ್ದು ಬಂದು ಬೆಳದಿಂಗಳಲ್ಲಿ ಆ ಹಾಳುಮನೆಯನ್ನು ಕಂಡು ಮಗಳಿಗೆ ಕಾಗದ ಬರೆದಳು. ಗಂಡಸರಿಗೆ ಇದು ಬೇಡವಾಗಿದ್ದರೆ ಹೆಂಗಸರೇ ಯಾಕೆ ಸೇರಿ ಉಳಿಸಬಾರದು ಎಂಬುದು ಆ ಕಾಗದದ ಸಾರ. ಮಗಳು ಆ್ಯನ್ ಪಮೆಲಾ ಕನ್ನಿಂಗ್‌ಹ್ಯಾಮ್ ಕುದುರೆಯಿಂದ ಬಿದ್ದ ಪೆಟ್ಟಿನಿಂದ ವರ್ಷಗಳ ಕಾಲ ನರಳಿದವಳು. ಆಕೆ ಅಮೆರಿಕದ ದಕ್ಷಿಣದ ರಾಜ್ಯಗಳ ಹೆಂಗಸರನ್ನು ಉದ್ದೇಶಿಸಿ ಚಾರ್ಲ್ಸ್‌ಟನ್ ಮರ್ಕ್ಯುರಿ ಪತ್ರಿಕೆಗೆ ಒಂದು ಬಹಿರಂಗ ಪತ್ರ ಬರೆದಳು. ಮರ್ಯಾದಸ್ಥರ ಮನೆಯ ಹೆಂಗಸಿನ ಹೆಸರು ಪತ್ರಿಕೆಯಲ್ಲಿ ಬರಬಾರದೆಂಬ ಕಾಲ ಅದು. ಕೆಳಗೆ ಸಹಿ ಮಾಡಿದ್ದು 'ದಕ್ಷಿಣದ ಒಬ್ಬ ಗೃಹಿಣಿ' ಎಂದಷ್ಟೇ.

ಖಜಾಂಚಿಯ ಕಣ್ಣಿಗೆ ಬಿದ್ದದ್ದು ಆಮೇಲಿನ ಲೆಕ್ಕ. 1858ರಲ್ಲಿ ಆದ ಕರಾರಿನಂತೆ ಮನೆ ಮತ್ತು ಸುತ್ತಲಿನ ಸುಮಾರು 200 ಎಕರೆಯ ಬೆಲೆ 2,00,000 ಡಾಲರ್. ಆ ಹೆಂಗಸರ ಸಂಘ ರಾಜ್ಯಕ್ಕೊಬ್ಬಳಂತೆ ಉಪಾಧ್ಯಕ್ಷಿಣಿಯರನ್ನು ನೇಮಿಸಿ ಮನೆಮನೆಯಿಂದ ವಂತಿಗೆ ಎತ್ತಿತು. ಎಡ್ವರ್ಡ್ ಎವರೆಟ್ ಎಂಬ ಹೆಸರಾಂತ ಭಾಷಣಕಾರ ವಾಷಿಂಗ್ಟನ್ನನ ವ್ಯಕ್ತಿತ್ವದ ಬಗೆಗಿನ ಒಂದೇ ಉಪನ್ಯಾಸವನ್ನು ಊರೂರಲ್ಲಿ ನೂರಕ್ಕೂ ಹೆಚ್ಚು ಸಲ ಮಾಡಿ ಹಣ ಕೂಡಿಸಿದ. ನ್ಯೂಯಾರ್ಕ್ ಲೆಡ್ಜರ್ ಪತ್ರಿಕೆಯ ಒಡೆಯ ರಾಬರ್ಟ್ ಬಾನರ್ ಆತನಿಂದ ವರ್ಷವಿಡೀ ವಾರವಾರ ಅಂಕಣ ಬರೆಸಿ, ಅದಕ್ಕೆ ಪ್ರತಿಯಾಗಿ 10,000 ಡಾಲರನ್ನು ಈ ನಿಧಿಗೆ ಕೊಟ್ಟ. ಎಲ್ಲ ಸೇರಿ ಎವರೆಟ್ಟನೊಬ್ಬನಿಂದ ಬಂದದ್ದು ಸುಮಾರು 69,000 ಡಾಲರ್, ಎಂದರೆ ಬೆಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಸಂಘಕ್ಕೆ ಮನೆ ಕೈಸೇರಿದ್ದು 1860ರ ಫೆಬ್ರವರಿ 22ರಂದು, ವಾಷಿಂಗ್ಟನ್ನನ ಹುಟ್ಟುಹಬ್ಬದ ದಿನ. ಮರುವರ್ಷವೇ ಅಂತರ್ಯುದ್ಧ ಶುರುವಾಗಿ, ಉತ್ತರದ ಉಪಾಧ್ಯಕ್ಷಿಣಿಯರೂ ದಕ್ಷಿಣದ ಉಪಾಧ್ಯಕ್ಷಿಣಿಯರೂ ಬೇರೆ ಬೇರೆ ಪಾಳಯಗಳಲ್ಲಿದ್ದರೂ ಸಂಘ ಒಡೆಯಲಿಲ್ಲ. ಎರಡೂ ಕಡೆಯ ಸೈನಿಕರು ಆಯುಧಗಳನ್ನು ಹೊರಗಿಟ್ಟು ಒಳಗೆ ಬರಬೇಕೆಂದು ಅಲ್ಲಿನ ಕಾರ್ಯದರ್ಶಿ ಸಾರಾ ಟ್ರೇಸಿ ನಿಯಮ ಮಾಡಿದ್ದಳು. ಇವತ್ತಿಗೂ ಆ ಮನೆಯ ಒಡೆತನ ಅದೇ ಸಂಘದ್ದು, ಸರ್ಕಾರದ್ದಲ್ಲ.

ಆದರೆ ನನ್ನ ಮನಸ್ಸನ್ನು ತಿರುಗಿಸಿದ್ದು ಈ ಕಥೆಯಲ್ಲ, ಮುಂಬಾಗಿಲಿನ ಪಕ್ಕದ ಗೋಡೆ. ದೂರದಿಂದ ಅದು ಕಲ್ಲುಕಟ್ಟಡದಂತೆ ಕಾಣುತ್ತದೆ. ದೊಡ್ಡ ದೊಡ್ಡ ಕಲ್ಲಿನ ಇಟ್ಟಿಗೆಗಳು, ನಡುವೆ ಕಚ್ಚು ಹೊಡೆದ ಸಂದುಗಳು. ಹತ್ತಿರ ಹೋಗಿ ನೋಡಿದರೆ ಅದೆಲ್ಲ ಪೈನ್ ಮರದ ಹಲಗೆ. ಹಲಗೆಯ ಅಂಚುಗಳನ್ನು ಕಲ್ಲಿನಂತೆ ಓರೆ ಮಾಡಿ, ಬಣ್ಣ ಬಳಿದು, ಅದು ಹಸಿಯಿರುವಾಗಲೇ ಮೇಲೆ ಮರಳು ಎರಚಿದ್ದಾರೆ. ಬಾಗಿಲು ದಾಟಿ ನಡುಹಜಾರಕ್ಕೆ ಬಂದರೆ ಅಲ್ಲಿ ಮಹಾಗನಿಯಂತೆ ಹೊಳೆಯುವ ಮರಗೆಲಸವೂ ಪೈನೇ. 1797ರಲ್ಲಿ ಅದರ ಮೇಲೆ ಕೈಯಿಂದ ಮಹಾಗನಿಯ ಎಳೆಗಳನ್ನು ಚಿತ್ರಿಸಿದ್ದಾರೆ. ವಾಷಿಂಗ್ಟನ್ನನಿಗೆ ಕಲ್ಲಿನ ಮನೆಯ ಆಸೆ ಇದ್ದಿರಬೇಕು, ಖರ್ಚಿನ ಯೋಚನೆಯೂ ಇದ್ದಿರಬೇಕು. ಈಗ ಆ ಸಂಘ ಮನಸ್ಸು ಮಾಡಿದರೆ ನಿಜವಾದ ಕಲ್ಲನ್ನೂ ನಿಜವಾದ ಮಹಾಗನಿಯನ್ನೂ ಹಾಕಿಸುವುದು ಕಷ್ಟವೇನಲ್ಲ. ಅವರು ಹಾಗೆ ಮಾಡುವುದಿಲ್ಲ. ಹಲಗೆ ಕೆಟ್ಟಾಗ ಹಲಗೆಯನ್ನೇ ಹಾಕಿ, ಬಣ್ಣ ಬಳಿದು, ಮರಳು ಎರಚುತ್ತಾರೆ. ಸೋಗನ್ನು ಸೋಗಾಗಿಯೇ ಕಾಪಾಡುತ್ತಾರೆ. ನಾನು ಹೋದಾಗ ಮನೆಯ ಒಂದು ಭಾಗ ದುರಸ್ತಿಯಲ್ಲಿತ್ತು, ಮತ್ತು ಅಲ್ಲಿಯ ಕೆಲಸ ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆಯದು: ಅಡಿಪಾಯದ ಮೇಲೆ ಕೂರುವ ಮರದ ಅಡಿತೊಲೆಗಳು, ನೆಲಮಾಳಿಗೆಯ ತೇವ, ನೀರು ಹೊರಹೋಗುವ ದಾರಿ. ಚರಂಡಿ! ನಾನು ಮಗಳಿಗೆ ಅದನ್ನು ತೋರಿಸಿ ಸಂತೋಷಪಟ್ಟದ್ದು ಅವಳಿಗೆ ಅರ್ಥವಾಗಲಿಲ್ಲ.

ನಮ್ಮ ಬಾಗಿಲು ಕುಳ್ಳಾಗಿರುವುದು, ಹಲಸಿನದಾಗಿರುವುದು, ಗಜಲಕ್ಷ್ಮಿಗೆ ಮೂಗಿಲ್ಲದಿರುವುದು ಇವೇ ನಾವು ಜನರಿಗೆ ತೋರಿಸಬೇಕಾದದ್ದು. ಬೀಟೆಯ ಎಂಟಡಿಯ ಬಾಗಿಲು ಹಾಕಿದರೆ ಅದರ ಹಿಂದಿರುವ ಕೊಳಗ, ಒನಕೆಗಳೆಲ್ಲ ಯಾರದೋ ಬೇರೆ ಮನೆಯವಾಗುತ್ತವೆ. ಊರಿಗೆ ಬಂದ ಮೇಲೆ ಸಭೆಯಲ್ಲಿ ಇದನ್ನೇ ಹೇಳಿದೆ. ಬಹಳ ವಾದವಾಯಿತು. ಕೊನೆಗೆ ಹೋಟೆಲಿನವರಿಗೆ, ಅವರು ಕೊಡುವುದಾದರೆ ಎಲ್ಲರಂತೆ ಕೊಡಬಹುದೆಂದು, ಬಾಗಿಲು ಅದೇ ಅಳತೆಯಲ್ಲಿ ಅದೇ ಮರದಲ್ಲಿ ಇರುವುದೆಂದು ನಾನೇ ಪತ್ರ ಬರೆದೆ. ಉತ್ತರ ಬರಲಿಲ್ಲ. ಅದೇ ವರ್ಷ ಪಕ್ಕದ ಊರಿನ ದೇವಸ್ಥಾನದ ರಸ್ತೆಗೆ ಒಂದು ಗ್ರಾನೈಟಿನ ಮಹಾದ್ವಾರ ಎದ್ದಿತು, ಚೆನ್ನಾಗಿಯೇ ಇದೆ.

ಇನ್ನುಳಿದದ್ದು ಕೇಳುವ ಕೆಲಸ. ಇದರ ಬಗ್ಗೆ ನನಗೆ ತಿಳಿದಷ್ಟನ್ನು ಬರೆದಿಡುತ್ತೇನೆ, ಇಂಥ ಕೆಲಸಕ್ಕೆ ಇಳಿದವರಿಗೆ ಉಪಯೋಗವಾದೀತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಐತಿಹಾಸಿಕ ಕಟ್ಟಡಗಳ ದುರಸ್ತಿಗೆ ಬಳಸಲು 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಅವಕಾಶವಿದೆ; ಆದರೆ ಅವರಿಗೆ ಬೇಕಾಗುವುದು ದೊಡ್ಡ ಯೋಜನೆ, ದೊಡ್ಡ ವರದಿ, ದೊಡ್ಡ ಫಲಕ. ನಾವು ಬರೆದ ಆರು ಪತ್ರಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಬಂತು, ಅದೂ ಶುಭಾಶಯ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿಯ ಮಂಜೂರಾತಿ ನಮ್ಮ ಟ್ರಸ್ಟಿಗಿತ್ತು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದು ಸಿಗದು ಎಂದು ರಸೀದಿ ಪುಸ್ತಕದ ಮೇಲೆಯೇ ಅಚ್ಚು ಹಾಕಿಸಿದ್ದೆ, ಆದರೂ ಅಡಿಕೆ ಮಾರಿ ಬಂದವರು ಕಟ್ಟು ಬಿಚ್ಚಿ ನೋಟನ್ನೇ ಎಣಿಸುತ್ತಿದ್ದರು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ವಿನಾಯಿತಿಯೇ ಇಲ್ಲವಾದ್ದರಿಂದ ಇತ್ತೀಚೆಗೆ ಅದನ್ನು ಕೇಳುವವರೂ ಕಡಿಮೆ.

ಹೆಚ್ಚು ತಲೆನೋವು ತಂದದ್ದು ಪ್ರೀತಿಯಿಂದ ಬಂದ ಹಣ. ವರ್ಜೀನಿಯಾದಲ್ಲಿ ಮಗಳ ಮನೆಗೆ ಯುಗಾದಿ ಊಟಕ್ಕೆ ಬಂದಿದ್ದ ನಮ್ಮ ಕಡೆಯ ಹುಡುಗರು, ಹುಡುಗಿಯರು ಬಾಗಿಲಿನ ಕಥೆ ಕೇಳಿ, ಅಲ್ಲಿಯೇ ಫೋನ್ ತೆಗೆದು ಎಷ್ಟು ಕಳಿಸಲಿ ಎಂದರು. ನಾನು ಒಬ್ಬೊಬ್ಬರನ್ನೂ, ನಿಮ್ಮ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ ಎಂದು ಕೇಳಬೇಕಾಯಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಭಾರತದ ಪೌರರಾಗಿಯೇ ಉಳಿದವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಆದರೆ ಅಲ್ಲಿಯ ಪೌರತ್ವ ಪಡೆದವರು, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡು ಇದ್ದರೂ, ವಿದೇಶಿ ಮೂಲವೇ. ಅವರಿಂದ ಪಡೆಯಲು ಟ್ರಸ್ಟಿಗೆ ಪ್ರತ್ಯೇಕ ನೋಂದಣಿ ಬೇಕು, ದೆಹಲಿಯಲ್ಲಿ ಗೊತ್ತುಪಡಿಸಿದ ಶಾಖೆಯಲ್ಲಿ ಪ್ರತ್ಯೇಕ ಖಾತೆ ಬೇಕು. ನಮಗೆ ಅದಿಲ್ಲ. ಹೀಗಾಗಿ ಒಂದೇ ತಟ್ಟೆಯಲ್ಲಿ ಒಬ್ಬಟ್ಟು ಹಂಚಿಕೊಂಡು ತಿನ್ನುತ್ತಿದ್ದ ಗಂಡ ಹೆಂಡಿರಲ್ಲಿ ಹೆಂಡತಿಯ ಹಣ ತೆಗೆದುಕೊಳ್ಳಬಹುದು, ಗಂಡನದು ಕೂಡದು ಎಂದು ನಾನು ಹೇಳಿದಾಗ ಮೇಜಿನ ಸುತ್ತ ಒಂದು ಕ್ಷಣ ಮೌನವಾಯಿತು. ಆ ಹುಡುಗ ಈ ಬಾಗಿಲಿನಿಂದ ನಾಲ್ಕು ಮನೆ ಆಚೆ ಹುಟ್ಟಿದವನು.

ಸರ್ಕಾರವನ್ನು ಕೇಳಬಾರದೇಕೆ ಎಂದವರೂ ಇದ್ದರು. ಕೇಳಬಹುದು, ಮತ್ತು ಕೆಲವು ಕಡೆ ಅದೇ ಸರಿ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಕೂಗೆದ್ದು, ಕೆಲಸ ನಿಂತು, ಕೊನೆಗೆ ಸಾರ್ವಜನಿಕ ಹಣದಿಂದ ಅದನ್ನು ಕೊಂಡು ದುರಸ್ತಿ ಮಾಡಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಆ ನಡುವೆ ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಇಷ್ಟು ಹಣ ಯಾಕೆಂದು ಕೆಲವು ಕನ್ನಡ ಲೇಖಕರು ಆಕ್ಷೇಪಿಸಿದ್ದೂ ಉಂಟು. ಆ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ, ಆದರೆ ಅದರ ಹಿಂದಿನ ಪ್ರಶ್ನೆಯನ್ನು ತಳ್ಳಿಹಾಕಲಾರೆ: ಯಾವ ಮನೆಯನ್ನು ಯಾರ ದುಡ್ಡಿನಲ್ಲಿ ಉಳಿಸುತ್ತೇವೆ? ನಮ್ಮದು ಕವಿಯ ಮನೆಯಲ್ಲ. ಕುಪ್ಪಳಿಗೆ ಹೋಗುವವರು ಕುವೆಂಪು ಆಡಿದ ಅಂಗಳವನ್ನು ನೋಡಲು ಹೋಗುತ್ತಾರೆ. ನಮ್ಮ ಅಂಗಳದಲ್ಲಿ ಆಡಿದವರು ಯಾರೂ ಪಠ್ಯಪುಸ್ತಕದಲ್ಲಿಲ್ಲ.

ವಂತಿಗೆಯಲ್ಲಿ ದೊಡ್ಡ ಪಾಲು 500, 1,000 ರೂಪಾಯಿಗಳ ರಸೀದಿಗಳಲ್ಲೇ ಬಂತು, ಮತ್ತು ಅದರಲ್ಲಿ ಬಹಳಷ್ಟು ಹೆಂಗಸರಿಂದ. ಎಂಬತ್ತು ದಾಟಿದ ಒಬ್ಬ ಅಕ್ಕ ಸೆರಗಿನ ಗಂಟು ಬಿಚ್ಚಿ 1,000 ರೂಪಾಯಿ ಕೊಟ್ಟಾಗ ನಾನು ಅಭ್ಯಾಸಬಲದಿಂದ ರಸೀದಿಯಲ್ಲಿ ಅವರ ಯಜಮಾನರ ಹೆಸರು ಬರೆಯತೊಡಗಿದೆ. ಅವರು ನನ್ನ ಪೆನ್ನಿನ ಮೇಲೆ ಬೆರಳಿಟ್ಟು, "ಅವ್ರದ್ದು ಬೇಡ. ಆ ಹೊಸ್ತಿಲು ಇಪ್ಪತ್ತು ವರ್ಷ ಸಾರಿಸಿದ್ದು ನಾನು" ಎಂದರು. ಆ ಮನೆಯ ಸೊಸೆಯಾಗಿ ಬಂದವರು ಅವರು. ರಸೀದಿಯನ್ನು ಹರಿದು ಬೇರೆ ಬರೆದೆ. ಅದರ ರದ್ದಾದ ಪ್ರತಿ ನನ್ನ ಕಡತದಲ್ಲಿದೆ.

ಇನ್ನೊಬ್ಬರು ಹಣದ ಬದಲು ಗಾಳಿಗೆ ಬಿದ್ದಿದ್ದ ಹಲಸಿನ ಮರ ಕೊಟ್ಟರು. ಅದನ್ನು ಕೊಯ್ಯಿಸಿ ಅಟ್ಟದ ನೆರಳಿನಲ್ಲಿ ಹಲಗೆಗಳ ನಡುವೆ ರೀಪು ಕೊಟ್ಟು ಪೇರಿಸಿದ ಮೇಲೆ, ಒಣಗದೆ ಮುಟ್ಟುವುದಿಲ್ಲವೆಂದು ಆಚಾರ್ರು ಎಂಟು ತಿಂಗಳು ಕಾಯಿಸಿದರು. ಆ ಎಂಟು ತಿಂಗಳು ಖಜಾಂಚಿಯ ಬಾಳು ಸುಖದ್ದಲ್ಲ. ಹಣ ಕೊಟ್ಟವರಿಗೆ ಕೆಲಸ ಕಾಣಬೇಕು. ಮರ ಒಣಗುವುದು ಕಾಣುವ ಕೆಲಸವಲ್ಲ. ಕೊನೆಗೆ ಕೆಲಸ ಶುರುವಾದಾಗ ಆಚಾರ್ರು ಬಾಗಿಲವಾಡದ ಕಂಬಗಳನ್ನು ಪೂರ್ತಿ ಬದಲಿಸಲಿಲ್ಲ. ಕೊಳೆತ ಬುಡವನ್ನು ಮೊಳಕಾಲೆತ್ತರಕ್ಕೆ ಕೊಯ್ದು, ಹೊಸ ತುಂಡನ್ನು ಓರೆಗಚ್ಚು ಹಾಕಿ, ಮರದ ಗೂಟ ಹೊಡೆದು ಕೂಡಿಸಿದರು. ಹೊಸ ಹಲಸು ಅರಿಶಿನದಂತೆ ಹಳದಿ, ಹಳೆಯದು ಎಣ್ಣೆ ಹೊಗೆಗಳಿಂದ ಕಪ್ಪು. ಬಾಗಿಲು ಮಂಡಿಯವರೆಗೆ ಹಳದಿ ಕಾಲುಚೀಲ ಹಾಕಿಕೊಂಡಂತೆ ಕಾಣುತ್ತಿತ್ತು. ಬಣ್ಣ ಹೊಡೆದು ಒಂದು ಮಾಡಿ ಎಂದು ನೋಡಿದವರೆಲ್ಲ ಹೇಳಿದರು. ಬೇಡ, ಗೇರೆಣ್ಣೆ ಸಾಕು, ಹಲಸು ತಾನಾಗಿಯೇ ಕಪ್ಪಾಗುತ್ತದೆ ಎಂದು ಆಚಾರ್ರು ಹಟ ಹಿಡಿದರು.

ಈಗ, ಮುಂದಕ್ಕೆ ಹಾಕುತ್ತ ಬಂದ ಮಾತನ್ನು ಹೇಳಬೇಕು. ವಂತಿಗೆ ಕೇಳುತ್ತ ಊರಿನ ಕೆಳಗಿನ ಕೇರಿಗೆ ಹೋದಾಗ, ನಿವೃತ್ತ ಶಿಕ್ಷಕರೊಬ್ಬರು ನಮ್ಮನ್ನು ಕೂರಿಸಿ, ಕಾಫಿ ಕೊಟ್ಟು, ಅಂದಾಜುಪಟ್ಟಿಯನ್ನು ಪೂರ್ತಿ ಓದಿ, ಮಡಚಿ ನನ್ನ ಕೈಗೆ ಹಿಂದಿರುಗಿಸಿದರು. "ನಮ್ಮ ಅಪ್ಪ ಆ ಮನೆಯಲ್ಲಿ ಚಿಕ್ಕಂದಿನಿಂದ ಸಾಯುವವರೆಗೆ ದುಡಿದರು. ಆ ಬಾಗಿಲು ದಾಟಿ ಒಳಗೆ ಹೋದದ್ದನ್ನು ನಾನು ನೋಡಿಲ್ಲ. ಊಟ ಅಂಗಳದ ಆಚೆ. ನೀವು ಒಳ್ಳೆಯ ಕೆಲಸ ಮಾಡುತ್ತಿದ್ದೀರಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನಿಲ್ಲಿಸಲು ನಾನು ಯಾಕೆ ದುಡ್ಡು ಕೊಡಲಿ ಸಾರ್?" ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಕಾಫಿ ಕುಡಿದು ಎದ್ದು ಬಂದೆವು.

ಮೌಂಟ್ ವರ್ನನ್‌ನಲ್ಲಿ ನಾನು ಇದನ್ನು ನೋಡಿದ್ದೆ, ಆದರೆ ಪ್ರವಾಸಿಯ ಕಣ್ಣಿನಿಂದ. 1799ರಲ್ಲಿ ಆ ತೋಟದಲ್ಲಿ ಗುಲಾಮರಾಗಿ ಬಾಳಿದವರು 317 ಜನ. ಆ ಮನೆಯನ್ನು ಉಳಿಸಲು ಹೊರಟ ದಕ್ಷಿಣದ ಹೆಂಗಸರಲ್ಲಿ ಬಹುಮಂದಿಯ ಮನೆಗಳಲ್ಲಿಯೂ ಗುಲಾಮರಿದ್ದರು. ಆ ಸಂಘ ಗುಲಾಮರ ಸಮಾಧಿಗಳ ಜಾಗದಲ್ಲಿ ಮೊದಲ ಕಲ್ಲು ಇಟ್ಟದ್ದು 1929ರಲ್ಲಿ, ಸರಿಯಾದ ಸ್ಮಾರಕ ನಿಂತದ್ದು 1983ರಲ್ಲಿ. ಅವರಲ್ಲಿ ಇಷ್ಟು ಮಂದಿಯ ಹೆಸರು, ಕೆಲಸ, ಮನೆಮಂದಿಯ ವಿವರ ಇಂದು ತಿಳಿದಿರುವುದಕ್ಕೆ ಮುಖ್ಯ ಕಾರಣ ವಾಷಿಂಗ್ಟನ್ನನೇ ಸಾಯುವ ವರ್ಷ ಕುಳಿತು ಬರೆದ ಪಟ್ಟಿ. ಆತ ಲೆಕ್ಕದಲ್ಲಿ ಬಹಳ ಅಚ್ಚುಕಟ್ಟಿನವನು.

ನಮ್ಮ ಬಾಗಿಲು ಮುಗಿದು, ಪಕ್ಕದಲ್ಲಿ ಒಂದು ಫಲಕ ಹಾಕಿದೆವು. ದಾನಿಗಳ ಹೆಸರುಗಳನ್ನು ಗೋಡೆಗೆ ಬರೆಸುವುದು ಬೇಡ, ಒಳಗೆ ಒಂದು ಪುಸ್ತಕದಲ್ಲಿಡೋಣ ಎಂದು ತೀರ್ಮಾನಿಸಿದ್ದೆವು. ಫಲಕದಲ್ಲಿ ಮನೆಯ ಕಾಲ, ಮರದ ಜಾತಿ, ದುರಸ್ತಿಯ ವಿವರ. ಜೊತೆಗೆ, ಆ ಶಿಕ್ಷಕರ ಮಾತು ಮನಸ್ಸಿನಲ್ಲಿದ್ದುದರಿಂದ, 'ಈ ಮನೆಯಲ್ಲಿ ದುಡಿದ ಕೆಲಸದವರಿಗೆ ಈ ಬಾಗಿಲಿನಿಂದ ಪ್ರವೇಶವಿರಲಿಲ್ಲ' ಎಂಬ ಒಂದು ಸಾಲು. ಟ್ರಸ್ಟಿನಲ್ಲಿ ಇಬ್ಬರು ಅದಕ್ಕೆ ಒಪ್ಪದೆ ಸಭೆಯಿಂದ ಎದ್ದುಹೋಗಿದ್ದರು. ನನಗೆ ಆ ಸಾಲಿನ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಕೆಲವು ತಿಂಗಳ ಮೇಲೆ, ಜನರಿಲ್ಲದ ಒಂದು ಮಧ್ಯಾಹ್ನ, ಆ ಶಿಕ್ಷಕರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಬಾಗಿಲಲ್ಲಿ ತಲೆ ತಗ್ಗಿಸುವ ಅಗತ್ಯವಿಲ್ಲದೆ ಒಳಗೆ ಓಡಿದಳು. ಅವರು ಹೊರಗೇ ನಿಂತು ಫಲಕವನ್ನು ಎರಡು ಸಲ ಓದಿ, "ಕೆಲಸದವರು ಅಂತ ಹಾಕಿದ್ದೀರಿ. ಅವರಿಗೆ ಹೆಸರಿರಲಿಲ್ಲವಾ?" ಎಂದು ಕೇಳಿದರು.

ಇತ್ತು. ಆ ರಾತ್ರಿ ನಾನು ಕಡತಗಳ ಪೆಟ್ಟಿಗೆಯನ್ನು ತೆಗೆದು ಕೂತೆ. ಇಷ್ಟು ವರ್ಷ ಆ ಮನೆಯ ಜಮಾಖರ್ಚಿನ ಪುಸ್ತಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಪುಟಕ್ಕೆ ತೆರೆದಿಟ್ಟು ತೋರಿಸುತ್ತಿದ್ದೆವು, ಅಕ್ಷರ ಚೆಂದವಿದೆ ಎಂದು. ಪುಟ ತಿರುಗಿಸಿದವರು ಯಾರೂ ಇರಲಿಲ್ಲ. ವರ್ಷವರ್ಷವೂ, ಒಬ್ಬೊಬ್ಬರ ಹೆಸರಿನ ಮುಂದೆ, ಕೊಟ್ಟ ಬತ್ತ ಇಷ್ಟು ಕೊಳಗ, ಕಂಬಳಿ ಒಂದು, ಹಬ್ಬಕ್ಕೆ ಇಷ್ಟು, ಉಳಿದ ಸಾಲ ಇಷ್ಟು. ಶಿಕ್ಷಕರ ತಂದೆಯ ಹೆಸರು ಹತ್ತೊಂಬತ್ತು ವರ್ಷಗಳ ಪುಟಗಳಲ್ಲಿ ಸಿಕ್ಕಿತು, ಮೊದಲ ವರ್ಷ ಅರ್ಧ ಕೊಳಗಕ್ಕೆ, ಏಕೆಂದರೆ ಆಗ ಅವರು ಹುಡುಗ. ಎಲ್ಲ ಸೇರಿ 41 ಹೆಸರುಗಳನ್ನು ಬರೆದುಕೊಂಡೆ. ಮನೆಯವರಿಗೂ ಕೇರಿಯವರಿಗೂ ತೋರಿಸಿ, ಅವರ ಒಪ್ಪಿಗೆ ಪಡೆದು, ಫಲಕವನ್ನು ಬೇರೆ ಬರೆಸಿದೆವು.

ಹೊಸ ಫಲಕಕ್ಕೆ ತಗಡು ಮತ್ತು ಬರವಣಿಗೆಯ ಕೂಲಿ ಸೇರಿ 3,800 ರೂಪಾಯಿ ಆಯಿತು. ಅಷ್ಟರಲ್ಲಿ ವಂತಿಗೆಯ ಖಾತೆಯಲ್ಲಿ ಉಳಿದದ್ದು ವರ್ಷಕ್ಕೊಮ್ಮೆ ಗೇರೆಣ್ಣೆ ಬಳಿಯಲು, ಮಳೆಗೆ ಮುಂಚೆ ಹೆಂಚು ಸರಿಪಡಿಸಲು ತೆಗೆದಿಟ್ಟ ಹಣ ಮಾತ್ರ, ಅದನ್ನು ಮುಟ್ಟುವಂತಿರಲಿಲ್ಲ. ಫಲಕ ಯಾವ ಬಾಬಿಗೆ ಸೇರುತ್ತದೆ ಎಂದು ಲೆಕ್ಕಪರಿಶೋಧಕರು ಕೇಳಿದರು. ಪ್ರಚಾರ ಎಂದು ಹಾಕಲೇ, ಮುದ್ರಣ ಎಂದೇ? ನಾನು ಮನೆಯಿಂದ 3,800 ರೂಪಾಯಿ ತಂದು ಜಮೆ ಮಾಡಿ, ಖರ್ಚಿನ ಕಡೆ 'ಹೆಬ್ಬಾಗಿಲು, ಮರಗೆಲಸ' ಎಂಬ ಸಾಲಿನ ಕೆಳಗೇ ಬರೆದೆ.